ಬೆರಳಲ್ಲಿ ಮುರಿದ ಸೂಜಿ

ಅಭಿವೃದ್ಧಿ ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಾಗಂತ ಕಂಪನಿ ಬಂದಿದ್ದರಿಂದ ನಮಗೆ ಏನೂ ಒಳ್ಳೆಯದಾಗಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಸುಳ್ಳು ಹೇಳುವುದಕ್ಕೆ ಕಂಪನಿ ಸಂಬಳ ಕೊಟ್ಟು ಜನ ಇಟ್ಟುಕೊಂಡಿತ್ತು, ನಾನು ಪುಕ್ಕಟೆ ಯಾಕೆ ಹೇಳಲಿ? ಒಳ್ಳೆಯದಾಯಿತು. ನಮ್ಮ ಬೀದಿಯ ಹೆಂಗಸರು ಮೊದಲ ಸಲ ತಮ್ಮ ಹೆಸರಿಗೆ ಬಂದ ಸಂಬಳ ನೋಡಿದರು. ಬಚ್ಚಲಿನ ಗೋಣಿಚೀಲದ ಪರದೆ ಹೋಗಿ ಬಾಗಿಲು ಬಂತು. ಗಂಡ ಕೈ ಎತ್ತಿದರೆ ಮೂಲೆಯಲ್ಲಿ ಕೂತು ಅಳುತ್ತಿದ್ದವರು ಬೇರೆ ಕೋಣೆ ಬಾಡಿಗೆಗೆ ಹಿಡಿಯುವಷ್ಟು ಧೈರ್ಯ ಮಾಡಿದರು. ಇದೆಲ್ಲ ನಿಜ. ನನ್ನ ದೊಡ್ಡಮ್ಮನ ಬೆರಳಿನ ಕಥೆಯೂ ನಿಜ. ಮೊದಲನೆಯದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಫೋಟೋ ಸಮೇತ ಹೇಳುತ್ತಾರೆ. ಎರಡನೆಯದನ್ನು ನಾನು ಹೇಳುತ್ತೇನೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನಾನಿನ್ನೂ ತೊದಲುತ್ತಿದ್ದ ಕೂಸು. ಸಾಕಿ ಬೆಳೆಸಿದ್ದು ಅವಳೇ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ದೊಡ್ಡಪ್ಪ ದರ್ಜಿ. ಮಾರುಕಟ್ಟೆಯ ಮೂಲೆಯಲ್ಲಿ, ಬಾಗಿಲು ತೆರೆದರೆ ಅರ್ಧ ಅಂಗಡಿ ಮುಚ್ಚಿಹೋಗುವಷ್ಟು ಇಕ್ಕಟ್ಟಾದ ಒಂದು ಅಂಗಡಿ ಅವನದು. ಅವನು ಅಲ್ಲಿ ಅಳತೆ ತೆಗೆದು ಕತ್ತರಿಸಿ ಕೊಟ್ಟದ್ದನ್ನು ದೊಡ್ಡಮ್ಮ ಮನೆಯಲ್ಲಿ ಹೊಲಿಯುತ್ತಿದ್ದಳು. ಸುತ್ತಮುತ್ತಲ ಮಕ್ಕಳ ಶಾಲೆಯ ಸಮವಸ್ತ್ರವೆಲ್ಲ ನಮ್ಮ ಮನೆಯ ಕಿಟಕಿಯ ಪಕ್ಕ ಹುಟ್ಟಿದ್ದೇ. ಬಟ್ಟೆಯನ್ನು ಅವಳು ಎಳೆಯುತ್ತಿರಲಿಲ್ಲ, ತಳ್ಳುತ್ತಲೂ ಇರಲಿಲ್ಲ. ಬಲಗೈಯ ತೋರುಬೆರಳನ್ನು ಬಟ್ಟೆಯ ಮೇಲೆ ಹಗುರಾಗಿ ಇಟ್ಟರೆ ಸಾಕು, ಹೊಲಿಗೆ ತಾನಾಗಿ ನೆಟ್ಟಗೆ ಹೋಗುತ್ತಿತ್ತು. ನನಗೂ ಕಲಿಸಲು ನೋಡಿದಳು. ನನ್ನ ಹೊಲಿಗೆ ಕುಡುಕನ ನಡಿಗೆಯ ಹಾಗೆ ಹೋಗುತ್ತಿತ್ತು, ಅವಳು ನಕ್ಕು ಬಿಚ್ಚುತ್ತಿದ್ದಳು. ಮಾತು ಕಡಿಮೆ. ಮನೆಯಲ್ಲಿ ಅವಳ ಪಾಲಿನ ಮಾತನ್ನೂ ಸೇರಿಸಿ ನಾನೇ ಆಡುತ್ತಿದ್ದೆ. ಮುಂದೆ ಕಾರ್ಖಾನೆಯಲ್ಲಿ ನನಗೆ ರೇಡಿಯೋ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ಕಂಪನಿ ಬಂತು. ಬಂತು ಅನ್ನುವುದೂ ಅಷ್ಟು ಸರಿಯಲ್ಲ. ಹೆಸರು ಹೊರದೇಶದ್ದು, ಕಟ್ಟಡ ಇಲ್ಲಿನ ಒಬ್ಬ ಯಜಮಾನನದ್ದು, ದುಡಿಮೆ ನಮ್ಮದು. ಏನಾದರೂ ಎಡವಟ್ಟಾದರೆ ಹೊರದೇಶದವರು ಯಜಮಾನನ ಕಡೆ ಕೈ ತೋರಿಸುತ್ತಿದ್ದರು, ಯಜಮಾನ ಹೊರದೇಶದವರ ಕಡೆ ಕೈ ತೋರಿಸುತ್ತಿದ್ದ. ಬೈಸಿಕೊಳ್ಳುವುದು ಮಾತ್ರ ನಮಗೇ ಮೀಸಲು. ಜಾಗವನ್ನು ಸರ್ಕಾರ ಬಿಟ್ಟಿಯಾಗಿ ಕೊಟ್ಟಿತು, ನೀರು ಕೊಟ್ಟಿತು, ತೆರಿಗೆ ಬೇಡ ಅಂದಿತು. ಹೊಸ ರಸ್ತೆ ಕನ್ನಡಿಯ ಹಾಗೆ ಗೇಟಿನ ತನಕ ಬಂದು ಅಲ್ಲೇ ನಿಂತಿತು. ಗೇಟಿನಿಂದ ನಮ್ಮ ಬೀದಿಗೆ ಅದೇ ಹಳೆಯ ಗುಂಡಿ, ಅದೇ ಕೆಸರು. ಅಷ್ಟು ದೂರ ಬಂದ ಡಾಂಬರಿಗೆ ನಮ್ಮ ಮನೆಗಳ ತನಕ ಬರುವುದಕ್ಕೆ ದಣಿವಾಗಿರಬೇಕು.

ಕಾರ್ಖಾನೆ ಮೊದಲು ತಿಂದದ್ದು ದೊಡ್ಡಪ್ಪನ ಅಂಗಡಿಯನ್ನು. ಪರೀಕ್ಷೆಯಲ್ಲಿ ತಳ್ಳಿಹಾಕಿದ ಬಟ್ಟೆಗಳನ್ನು ಯಾರೋ ಸಗಟಾಗಿ ಕೊಂಡು ಮಾರುಕಟ್ಟೆಯ ಪಾದಚಾರಿ ದಾರಿಯಲ್ಲಿ ಗುಡ್ಡೆ ಹಾಕಿ ಮಾರತೊಡಗಿದರು. ಒಂದು ಗುಂಡಿ ವಾರೆಯಾಗಿದೆ, ಒಂದು ಜೇಬು ಮೇಲೆ ಕೆಳಗೆ, ಅಷ್ಟೇ. ದೊಡ್ಡಪ್ಪ ಬರೀ ಬಟ್ಟೆ ಕೊಳ್ಳುವ ಬೆಲೆಗೆ ಅವರು ಹೊಲಿದ ಅಂಗಿಯನ್ನೇ ಕೊಡುತ್ತಿದ್ದರು. ಗಿರಾಕಿಗಳು ಮುಖ ತಪ್ಪಿಸಿಕೊಂಡು ಓಡಾಡಲು ಶುರುಮಾಡಿದರು. ದೊಡ್ಡಪ್ಪ ಒಂದು ಅಂಗಿಯನ್ನು ಕೈಗೆತ್ತಿಕೊಂಡು, ಒಳಗೆ ಹೊರಗೆ ತಿರುಗಿಸಿ ನೋಡಿ, ಹೊಲಿದವಳ ಕೈ ಚೆನ್ನಾಗಿದೆ, ಪಾಪ ಯಾರ ಹೆಂಡತಿಯೋ ಅಂದ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವನದೇ ಹೆಂಡತಿ ಅಲ್ಲಿ ಕೆಲಸಕ್ಕೆ ಸೇರಿದ್ದಳು, ಹಿಂದೆಯೇ ನಾನೂ. ಅವನು ಬೇರೆಯವರ ಅಂಗಡಿಯ ಮೆಟ್ಟಿಲ ಕೆಳಗೆ ಮೆಷಿನ್ ಇಟ್ಟುಕೊಂಡು, ಅದೇ ಕಾರ್ಖಾನೆಯ ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುವ ಕೆಲಸ ಹಿಡಿದ.

ದೊಡ್ಡಮ್ಮನದು ಕೂಸುಗಳ ಫ್ರಾಕಿನ ಲೈನು. ಲೈನು ಎಂದರೆ ಒಂದರ ಹಿಂದೆ ಒಂದು ಮೆಷಿನ್. ಒಬ್ಬಳು ತೋಳು ಸೇರಿಸುತ್ತಾಳೆ, ಹಿಂದಿನವಳು ಅಂಚು ಮಡಿಸುತ್ತಾಳೆ, ಅವಳ ಹಿಂದಿನವಳು ಗುಂಡಿ ಹಚ್ಚುತ್ತಾಳೆ. ಕುತ್ತಿಗೆಯ ಒಳಗೆ ಕಂಪನಿಯ ಹೆಸರಿನ ಚೀಟಿ ಹೊಲಿಯುವುದು ದೊಡ್ಡಮ್ಮ. ಬೆರಳ ತುದಿಯಷ್ಟೇ ಅಗಲದ ಚೀಟಿ, ಅದನ್ನು ಹಿಡಿಯಲು ಬೆರಳು ಸೂಜಿಗೆ ಮುತ್ತಿಡುವಷ್ಟು ಹತ್ತಿರ ಹೋಗಬೇಕು. ಬೆರಳಿಗೆ ಸೂಜಿ ತಾಗದ ಹಾಗೆ ಮೆಷಿನ್ನಿಗೆ ಒಂದು ಗಾರ್ಡ್ ಇತ್ತು. ಗಾರ್ಡ್ ಇದ್ದರೆ ಕೆಲಸ ನಿಧಾನ. ಅದಕ್ಕೇ ಸೂಪರ್‌ವೈಜರ್ ಅದನ್ನು ಬಿಚ್ಚಿಸಿ ಡ್ರಾಯರಿನಲ್ಲಿ ಹಾಕಿಸಿದ್ದ. ಹೊರದೇಶದವರು ತಪಾಸಣೆಗೆ ಬರುವ ದಿನ ಬೆಳಗ್ಗೆ ಎಲ್ಲರೂ ಗಾರ್ಡ್ ಹಾಕಿಕೊಳ್ಳಬೇಕು, ಅವರ ಕಾರು ಗೇಟು ದಾಟಿದ ಮೇಲೆ ಮತ್ತೆ ಬಿಚ್ಚಬೇಕು. ಅವತ್ತು ಪಾಯಿಖಾನೆಯಲ್ಲಿ ಸೋಪು ಕೂಡ ಇರುತ್ತಿತ್ತು.

ಈಗ ಸೂಜಿಯ ನಿಯಮ ಹೇಳಬೇಕು, ಕಥೆಯೆಲ್ಲ ಇರುವುದು ಅದರಲ್ಲೇ. ಮೆಷಿನ್ನಿನ ಸೂಜಿ ಮುರಿದರೆ ಅದರ ಪ್ರತಿ ಚೂರನ್ನೂ ಹುಡುಕಿ, ಒಂದು ಕಾಗದಕ್ಕೆ ಅಂಟಿಸಿ, ಚೂರುಗಳೆಲ್ಲ ಕೂಡಿ ಇಡೀ ಸೂಜಿಯಾಗುತ್ತದೆ ಎಂದು ತೋರಿಸಬೇಕು. ಆಗಲೇ ಹೊಸ ಸೂಜಿ. ಒಂದು ಚೂರು ಕಡಿಮೆಯಾದರೂ ಆ ಲೈನಿನ ಬಟ್ಟೆಯನ್ನೆಲ್ಲ ಕಟ್ಟಿ ಪಕ್ಕಕ್ಕಿಟ್ಟು, ಒಂದೊಂದನ್ನೂ ಪರೀಕ್ಷೆ ಮಾಡಬೇಕು. ಯಾಕೆಂದರೆ ಆ ಫ್ರಾಕು ತೊಡುವುದು ಯಾವುದೋ ದೇಶದ ಕೂಸು, ಅದರ ಕುತ್ತಿಗೆಗೆ ಚೂರು ಚುಚ್ಚಬಾರದು. ಸರಿಯಾದ ಮಾತೇ. ನಾವೂ ಮಕ್ಕಳನ್ನು ಸಾಕಿದವರು, ಆ ನಿಯಮವನ್ನು ನಮ್ಮಲ್ಲಿ ಯಾರೂ ಬೈದಿಲ್ಲ. ಆದರೆ ಹುಡುಕುವಷ್ಟು ಹೊತ್ತು ಲೈನು ನಿಲ್ಲುತ್ತದೆ, ಟಾರ್ಗೆಟ್ ನಿಲ್ಲುವುದಿಲ್ಲ. ನಿಂತ ಹೊತ್ತಿನ ಕೆಲಸವನ್ನು ಲೈನಿನವರೆಲ್ಲ ಶಿಫ್ಟು ಮುಗಿದ ಮೇಲೆ ಕೂತು ಬಿಟ್ಟಿಯಾಗಿ ಮುಗಿಸಬೇಕು. ಒಬ್ಬಳ ಸೂಜಿ ಮುರಿದರೆ ಉಳಿದವರ ಮನೆಯಲ್ಲಿ ಒಲೆ ಹತ್ತುವುದು ತಡ.

ಅದಕ್ಕೆ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು. ಏಪ್ರನ್ನಿನ ಅಂಚಿನ ಮಡಿಕೆಯೊಳಗೆ ಹಳೆಯ ಸೂಜಿಯ ಒಂದು ಮೊನೆಯನ್ನು ಸಿಕ್ಕಿಸಿಟ್ಟುಕೊಳ್ಳುವುದು. ಮುರಿದ ಸೂಜಿಯ ಮೊನೆ ಎಲ್ಲಿ ಹಾರಿತೋ ಸಿಗದೆ ಹೋದರೆ, ಹುಡುಕುವವಳ ಹಾಗೆ ಬಗ್ಗಿ, ಅಂಚಿನಿಂದ ಇದನ್ನು ತೆಗೆದು, ಸಿಕ್ಕಿತು ಎನ್ನುವುದು. ಬಟ್ಟೆಯನ್ನು ಕೊನೆಯಲ್ಲಿ ಹೇಗೂ ಲೋಹ ಹಿಡಿಯುವ ಯಂತ್ರದೊಳಗೆ ಬಿಡುತ್ತಾರಲ್ಲ, ಚೂರಿದ್ದರೆ ಅದು ಹಿಡಿಯುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಸೂಪರ್‌ವೈಜರಿಗೆ ಗೊತ್ತಿತ್ತು, ಕಂಡೂ ಕಾಣದ ಹಾಗಿದ್ದ. ಟಾರ್ಗೆಟ್ ಅವನ ಕುತ್ತಿಗೆಯ ಮೇಲೂ ಕೂತಿತ್ತು. ಈ ಮೊನೆಗಳನ್ನು ಸರಬರಾಜು ಮಾಡುತ್ತಿದ್ದವನು ನಮ್ಮ ದೊಡ್ಡಪ್ಪ. ಸವೆದ ಸೂಜಿಗಳ ತುದಿ ಮುರಿದು, ಮೆಟ್ಟಿಲ ಕೆಳಗೆ ಬಂದು ಕೇಳಿದ ಹೆಂಗಸರಿಗೆಲ್ಲ ಕೊಡುತ್ತಿದ್ದ. ಅಂಗಡಿ ಹೋದರೂ ಗಿರಾಕಿ ಹೋಗಲಿಲ್ಲ ನೋಡು ಎಂದು ನಗುತ್ತಿದ್ದ.

ಅವತ್ತು ಗೇಟಿನಲ್ಲಿ, ಬಟ್ಟೆಯ ಪೆಟ್ಟಿಗೆಗಳನ್ನು ಹಡಗಿಗೆ ಒಯ್ಯುವ ಕಂಟೇನರ್ ಲಾರಿ ಬಂದು ನಿಂತಿತ್ತು. ಹೊರದೇಶದಲ್ಲೆಲ್ಲೋ ಹೊಸ ಹಂಗಾಮಿನ ಮಾರಾಟ ಶುರುವಾಗುವುದರೊಳಗೆ ಫ್ರಾಕುಗಳು ಅಂಗಡಿ ಸೇರಬೇಕಂತೆ. ಮೆಷಿನ್ನುಗಳ ವೇಗ ಏರಿಸಿದ್ದರು. ನಾನು ಅದೇ ಹಾಲಿನ ಕೊನೆಯಲ್ಲಿ ಪ್ಯಾಕಿಂಗ್ ಮೇಜಿನ ಹತ್ತಿರ ಫ್ರಾಕು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದೆ. ಟಕ್ ಎಂಬ ಸದ್ದು ನನಗೆ ಕೇಳಿಸಲಿಲ್ಲ, ಆ ಗದ್ದಲದಲ್ಲಿ ಯಾರಿಗೂ ಕೇಳಿಸದು. ಲೈನಿನ ಒಂದು ಕಡೆ ತಲೆಗಳು ಎದ್ದದ್ದು ಕಂಡಿತು. ದೊಡ್ಡಮ್ಮ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಅದುಮಿಕೊಂಡು ಕೂತಿದ್ದಳು. ಸೂಜಿ ಉಗುರಿನ ಮೇಲಿನಿಂದ ಒಳಕ್ಕೆ ಇಳಿದು ಮುರಿದಿತ್ತು. ತುಟಿ ಬಿಳಿಚಿಕೊಂಡಿತ್ತು.

ಸೂಪರ್‌ವೈಜರ್ ಓಡಿಬಂದು ಮೊದಲು ಮಾಡಿದ್ದು ಬೆರಳ ಕೆಳಗಿದ್ದ ಫ್ರಾಕನ್ನು ಎಳೆದು ಪಕ್ಕಕ್ಕಿಟ್ಟದ್ದು. ರಕ್ತ ತಾಗಿದ್ದರೆ ಅದು ರಿಜೆಕ್ಟು. ಆಮೇಲೆ ಚೂರಿನ ಹುಡುಕಾಟ ಶುರುವಾಯಿತು. ಸೂಜಿಯ ಬುಡ ಮೆಷಿನ್ನಿನಲ್ಲೇ ಇತ್ತು, ನಡುವಿನ ಚೂರು ಬಟ್ಟೆಯ ಮೇಲೆ ಸಿಕ್ಕಿತು, ಮೊನೆ ಇಲ್ಲ. ಉದ್ದ ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆಲ್ಲ ಆಡಿಸಿದರು. ಹೆಂಗಸರು ಮಂಡಿಯೂರಿ ಮೆಷಿನ್ನಿನ ಕೆಳಗೆ ತಡಕಾಡಿದರು. ಇಡೀ ಲೈನು ನಿಂತಿತು. ಸೂಪರ್‌ವೈಜರ್ ಬಾಯಿಗೆ ಬಂದದ್ದೆಲ್ಲ ಒದರುತ್ತಿದ್ದ. ಅಷ್ಟು ಜನರಲ್ಲಿ ಒಬ್ಬರಿಗೂ ಆ ಬೆರಳನ್ನು ಬಿಡಿಸಿ ನೋಡಬೇಕು ಅನ್ನಿಸಲಿಲ್ಲ. ನೆಲದಲ್ಲಿ ಹುಡುಕಿದರು, ಬಟ್ಟೆಯಲ್ಲಿ ಹುಡುಕಿದರು, ಕಸದ ಬುಟ್ಟಿಯಲ್ಲಿ ಹುಡುಕಿದರು. ಮನುಷ್ಯರ ಮೈಯಲ್ಲಿ ಹುಡುಕಿ ಎಂದು ಆ ನಿಯಮದಲ್ಲಿ ಬರೆದಿರಲಿಲ್ಲ.

ದೊಡ್ಡಮ್ಮನ ಹಿಂದಿನ ಮೆಷಿನ್ನಿನಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು, ಅಷ್ಟು ಸಣಕಲಿ. ದೊಡ್ಡಮ್ಮನೆಂದರೆ ಅವಳಿಗೆ ಪ್ರಾಣ. ಬೈಗುಳ ಕೇಳಲಾರದೆ ಅವಳು ಬಗ್ಗಿದಳು, ಏಪ್ರನ್ನಿನ ಅಂಚಿಗೆ ಕೈ ಹಾಕಿದಳು, ಎದ್ದು ನಿಂತು ಸಿಕ್ಕಿತು ಸಾರ್ ಅಂದಳು. ಮೂರು ಚೂರು ಅಂಟಿಸಿದರು, ಇಡೀ ಸೂಜಿಯಾಯಿತು. ಸೂಪರ್‌ವೈಜರ್ ಸಹಿ ಹಾಕಿದ. ಹೊಸ ಸೂಜಿ ಬಂತು. ಕಾರ್ಖಾನೆಯ ನರ್ಸು ಬೆರಳಿಗೆ ಪಟ್ಟಿ ಸುತ್ತಿ ಒಂದು ನೋವಿನ ಮಾತ್ರೆ ಕೊಟ್ಟಳು. ದೊಡ್ಡಮ್ಮ ಮತ್ತೆ ಮೆಷಿನ್ನಿಗೆ ಕೂತು ನಡುಬೆರಳಲ್ಲಿ ಚೀಟಿ ಹಿಡಿದು ಹೊಲಿಯತೊಡಗಿದಳು.

ಕಡ್ಡಿ ಮಾಡಿದ್ದು ಉಪಕಾರ. ಅದರಲ್ಲಿ ಎರಡು ಮಾತಿಲ್ಲ. ಮೊನೆ ಎಲ್ಲೋ ನೆಲದ ಸಂದಿಯಲ್ಲಿ ಬಿದ್ದಿದೆ ಎಂದೇ ಅವಳು ನಂಬಿದ್ದಳು.

ಬೆರಳು ಊದಿತು. ಮರುದಿನ ಇನ್ನೂ ಊದಿತು, ಮುಟ್ಟಿದರೆ ಜೀವ ಹೋದ ಹಾಗಾಗುತ್ತಿತ್ತು. ದೊಡ್ಡಪ್ಪ ಕಿಟಕಿಯ ಬೆಳಕಿಗೆ ಬೆರಳು ಹಿಡಿದು, ಕನ್ನಡಕ ಏರಿಸಿ ಇಳಿಸಿ ನೋಡಿದ. ಸೂಜಿಯ ಜೊತೆಯಲ್ಲೇ ಬಾಳಿದವನು, ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೊನೆ ಒಳಗೇ ಇದೆ ಅಂದ. ಹಾಗಾದರೆ ಕಾರ್ಖಾನೆಯವರು ಅಂಟಿಸಿದ್ದು ಯಾವ ಮೊನೆ ಎಂದು ಕೇಳಿದ. ಕಡ್ಡಿಯ ಏಪ್ರನ್ನಿನ ಅಂಚಿನದು ಎಂದು ನಾನು ಹೇಳಿದೆ. ಅವನು ಆ ಬೆರಳನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಕೂತ. ಅದು ಅವನೇ ಕಡ್ಡಿಗೆ ಕೊಟ್ಟದ್ದು.

ಕಾರ್ಖಾನೆಯ ನರ್ಸಿಗೆ ತೋರಿಸಿದರೆ, ಸೂಜಿ ಪೂರ್ತಿ ಸಿಕ್ಕಿದೆ ಎಂದು ಬರೆದಿದೆಯಲ್ಲ, ಒಳಗೆ ಏನೂ ಇರಲು ಸಾಧ್ಯವಿಲ್ಲ ಅಂದಳು. ಕಾಗದದಲ್ಲಿ ಇಲ್ಲ ಎಂದ ಮೇಲೆ ಬೆರಳಲ್ಲಿ ಹೇಗಿರುತ್ತದೆ! ಕೆಲಸಗಾರರ ಆಸ್ಪತ್ರೆ ಎಂದು ಒಂದಿತ್ತು, ಅದಕ್ಕೆಂದು ಪ್ರತಿ ತಿಂಗಳೂ ನಮ್ಮ ಸಂಬಳದಲ್ಲಿ ಹಿಡಿಯುತ್ತಿದ್ದರು. ಕೆಲಸದಲ್ಲಿ ಆದ ಗಾಯ ಎಂದರೆ ಅಲ್ಲಿ ಚಿಕಿತ್ಸೆಯೂ ಸಿಗುತ್ತಿತ್ತು, ಅಂಗ ಊನವಾದರೆ ಪಿಂಚಣಿಯೂ ಸಿಗುತ್ತಿತ್ತು. ಆದರೆ ಕೆಲಸದಲ್ಲೇ ಆದ ಗಾಯ ಎಂದು ಕಾರ್ಖಾನೆ ಒಪ್ಪಿಕೊಂಡು ಕಾಗದ ಕೊಡಬೇಕು. ಕಾರ್ಖಾನೆಯ ಪ್ರಕಾರ ಅಲ್ಲಿ ಸೂಜಿ ತರಚಿದ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ನಾನು ಮನೆಯಲ್ಲಿ ಕುಣಿದಾಡಿದೆ.

"ನಾಳೆ ಹೋಗಿ ಹೇಳ್ಬಿಡ್ತೀನಿ. ಅಂಟಿಸಿರೋ ಮೊನೆ ಸುಳ್ಳು, ನಿಜವಾದ್ದು ನಮ್ಮ ದೊಡ್ಡಮ್ಮನ ಬೆರಳಲ್ಲಿದೆ ಅಂತ."

"ಹೇಳಿ?" ಎಂದಳು ದೊಡ್ಡಮ್ಮ. "ಕಡ್ಡೀನ ಅವತ್ತೇ ಮನೆಗೆ ಕಳಿಸ್ತಾರೆ. ಅವಳ ಮಕ್ಕಳು ಏನು ತಿನ್ಬೇಕು? ಏಪ್ರನ್ ಅಂಚು ಬಿಚ್ಚಿ ನೋಡಿದ್ರೆ ಇಡೀ ಲೈನಲ್ಲಿ ಒಬ್ಬಳೂ ಉಳಿಯಲ್ಲ. ಪೆಟ್ಟಿಗೆ ಎಲ್ಲ ಇಳಿಸ್ತಾರೆ, ಹಡಗು ತಪ್ಪುತ್ತೆ. ಬಯರು ಸಿಟ್ಟಾಗಿ ಬೇರೆ ದೇಶಕ್ಕೆ ಹೋದ್ರೆ ಯಾರು ಕರ್ಕೊಂಡು ಬರ್ತಾರೆ, ನೀನಾ? ಹಡಗು ಹೋಗ್ಲಿ. ಆಮೇಲೆ ದೊಡ್ಡಾಸ್ಪತ್ರೆಗೆ ಹೋಗಿ ತೆಗೆಸ್ಕೊಳ್ಳೋಣ."

ಬಯರು ಎಂದರೆ ನಮ್ಮ ಬಟ್ಟೆ ಕೊಳ್ಳುವ ಆ ಹೊರದೇಶದ ಕಂಪನಿ. ಬಯರು ಬೇರೆ ದೇಶಕ್ಕೆ ಹೋಗುತ್ತಾನೆ. ಈ ಒಂದು ಮಾತನ್ನು ನಮಗೆ ಅನ್ನದ ಜೊತೆ ಕಲಸಿ ತಿನ್ನಿಸಿದ್ದರು. ಸಂಬಳ ಹೆಚ್ಚಿಸಿ ಎಂದರೆ ಬಯರು ಹೋಗುತ್ತಾನೆ, ಫ್ಯಾನು ಹಾಕಿಸಿ ಎಂದರೆ ಬಯರು ಹೋಗುತ್ತಾನೆ, ಬಸುರಿಗೆ ಕೂರಲು ಬೆನ್ನಿರುವ ಕುರ್ಚಿ ಕೊಡಿ ಎಂದರೂ ಹೋಗುತ್ತಾನೆ. ಅಷ್ಟು ಮುನಿಸಿಕೊಳ್ಳುವ ಅಳಿಯನನ್ನು ಯಾವ ಮನೆಯವರೂ ಕಂಡಿರಲಾರರು. ಗುಟ್ಟು ಆಚೆ ಹಾಕಿದರೆ ಮುಖ ನೋಡುವುದಿಲ್ಲ ಎಂದಳು ದೊಡ್ಡಮ್ಮ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹಡಗಿನ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಬಟ್ಟೆಯ ಬಿಳುಪು ಸರಿಯಿಲ್ಲವೆಂದು ಅಲ್ಲಿಂದ ಹೇಳಿ ಕಳಿಸಿದರು, ಇಲ್ಲಿ ಮತ್ತೆ ಹೊಲಿದರು. ರಜೆ ಯಾರಿಗೂ ಇಲ್ಲ, ಕೇಳಿದರೆ ಹಾಗೇ ಮನೆಯಲ್ಲೇ ಇರು ಎನ್ನುತ್ತಿದ್ದರು. ದೊಡ್ಡಮ್ಮ ಜ್ವರದಲ್ಲೇ ಹೋಗಿ ಕೂತಳು. ಬೆರಳು ಕಪ್ಪಗಾಗಿ ಕೀವು ಸುರಿಯುವಾಗ ಮೇಲೆ ಇನ್ನೊಂದು ಪಟ್ಟಿ ಸುತ್ತಿಕೊಂಡಳು, ಬಿಳಿ ಫ್ರಾಕಿಗೆ ಕಲೆಯಾಗಬಾರದಲ್ಲ. ಕೊನೆಗೆ ಲಾರಿ ಹೊರಟಿತು. ಸೂಪರ್‌ವೈಜರ್ ಎಲ್ಲರಿಗೂ ಒಂದೊಂದು ಬಿಸ್ಕತ್ತಿನ ಪೊಟ್ಟಣ ಹಂಚಿದ. ದೊಡ್ಡಮ್ಮನಿಗೆ ಅದನ್ನು ಬಿಚ್ಚಲು ಆಗಲಿಲ್ಲ, ನಾನು ಬಿಚ್ಚಿಕೊಟ್ಟೆ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆಯೊಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿಯ ಮೊನೆ ಎದ್ದು ಕಾಣುತ್ತಿತ್ತು. ಮೂಳೆಯೇ ಕೊಳೆತಿತ್ತು. ಮೊದಲೇ ಬಂದಿದ್ದರೆ ಚೂರನ್ನಷ್ಟೇ ತೆಗೆಯಬಹುದಿತ್ತು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಡಾಕ್ಟರ್ ದೊಡ್ಡಮ್ಮನನ್ನು ಗದರಿದ. ಹಡಗು ಹೊರಡಲಿ ಅಂತ ಕಾಯುತ್ತಿದ್ದಳು ಎಂದು ನಾನು ಹೇಳಿದೆ. ತಲೆ ಕೆಟ್ಟಿದೆಯಾ ಎಂಬಂತೆ ಅವನು ನನ್ನನ್ನು ನೋಡಿದ. ಎರಡು ಗೆಣ್ಣು ತೆಗೆದರು. ಬೆರಳಿನ ಬುಡ ಮಾತ್ರ ಉಳಿಯಿತು.

ಕಾರ್ಖಾನೆಗೆ ವಾಪಸು ಹೋದಾಗ ಲೇಬಲಿನ ಮೆಷಿನ್ನಿನಲ್ಲಿ ಬೇರೆ ಹುಡುಗಿ ಕೂತಿದ್ದಳು. ದೊಡ್ಡಮ್ಮನಿಗೆ ದಾರ ಕತ್ತರಿಸುವ ಕೆಲಸ ಕೊಟ್ಟರು, ಕತ್ತರಿ ಹಿಡಿಯಲು ಆಗಲಿಲ್ಲ. ನೆಲ ಗುಡಿಸುವ ಕೆಲಸಕ್ಕೆ ಹಾಕಿದರು. ಬಟ್ಟೆಯ ಮೇಲೆ ಬರೀ ಬೆರಳಿಟ್ಟು ಹೊಲಿಗೆಯನ್ನು ನೆಟ್ಟಗೆ ಓಡಿಸುತ್ತಿದ್ದವಳು ಬಟ್ಟೆಯ ಚೂರುಗಳನ್ನು ಗುಡಿಸಿ ಗುಡ್ಡೆ ಹಾಕುತ್ತಿದ್ದಳು. ಮನೆಗೆ ಬಂದು ಒಂದು ಸಲ ಹಳೆಯ ಮೆಷಿನ್ ಮುಂದೆ ಕೂತು ನೋಡಿದಳು. ಹೊಲಿಗೆ ವಾರೆಯಾಯಿತು. ಎದ್ದು ಮೆಷಿನ್ನಿಗೆ ಮುಸುಕು ಹಾಕಿದಳು.

ಇಷ್ಟಾದರೂ ಸರಿ, ಲೈನು ಉಳಿಯಿತಲ್ಲ ಎನ್ನುತ್ತಿದ್ದಳು. ಕಡ್ಡಿಯ ಮಗಳು ಶಾಲೆಗೆ ಹೋಗುವುದನ್ನು ಕಿಟಕಿಯಿಂದ ನೋಡಿ, ನೋಡು, ಹೋಗ್ತಿದ್ದಾಳೆ ಎಂದು ನನಗೆ ತೋರಿಸುತ್ತಿದ್ದಳು. ಬೆರಳು ಕೊಟ್ಟು ಉಳಿಸಿಕೊಂಡದ್ದು ಅದು.

ವರ್ಷ ತುಂಬುವ ಮೊದಲೇ ಬಯರು ಹೋದ. ಯಾರ ಮೇಲೂ ಸಿಟ್ಟಾಗಲಿಲ್ಲ, ಜಗಳವಾಡಲಿಲ್ಲ, ಸೂಜಿ ಮುರಿಯಲಿಲ್ಲ. ಇನ್ನೊಂದು ದೇಶದಲ್ಲಿ ನಮಗಿಂತ ಅಗ್ಗದ ಹೆಂಗಸರು ಸಿಕ್ಕಿದರು, ಹೋದ. ಆ ಹೆಂಗಸರ ಮೇಲೆ ನನಗೆ ಕೋಪವಿಲ್ಲ, ಅವರೂ ನಮ್ಮ ಹಾಗೆ ಸಂಬಳದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರಬಹುದು. ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಮ್ಮ ಬಾಯಿ ಮುಚ್ಚಿಸಲು ಇಷ್ಟು ವರ್ಷ ತೋರಿಸಿದ ಗುಮ್ಮ, ನಾವು ಬಾಯಿ ಮುಚ್ಚಿಕೊಂಡೇ ಇದ್ದಾಗಲೂ ಬಂದು ನುಂಗಿತು. ಧ್ವನಿವರ್ಧಕದಲ್ಲಿ ಕಾರ್ಖಾನೆ ಮುಚ್ಚುತ್ತದೆ ಎಂದು ಹೇಳಿ, ನಮ್ಮ ಕೊಡುಗೆಯನ್ನು ಹೊಗಳಿದರು. ಮರುದಿನದಿಂದಲೇ ಮೆಷಿನ್ನುಗಳನ್ನು ಬಿಚ್ಚತೊಡಗಿದರು.

ಎಲ್ಲ ನ್ಯಾಯವಾಗಿ ಮುಗಿಯುತ್ತಿದೆಯೇ ಎಂದು ನೋಡಲು ಹೊರದೇಶದಿಂದ ಬಯರ್ ಮೇಡಂ ಬಂದಳು. ಆ ಸುದ್ದಿ ಕೇಳಿ ಕಡ್ಡಿ ನಮ್ಮ ಮನೆಗೆ ಬಂದಳು. ಬೆರಳು ಹೋದ ಮೇಲೆ ಅವಳು ದೊಡ್ಡಮ್ಮನ ಮುಖ ನೋಡಿ ಮಾತಾಡಿರಲಿಲ್ಲ.

"ನನ್ನ ಹೆಸರು ಹೇಳಕ್ಕ," ಎಂದಳು. "ಆ ಮೊನೆ ಇಟ್ಟಿದ್ದು ನಾನೇ ಅಂತ ಹೇಳು. ಕೆಲಸದಲ್ಲಿ ಹೋದ ಬೆರಳು ಅಂತ ಅವರು ಒಪ್ಪಿಕೊಳ್ಳಲಿ. ನಿನ್ನ ಪಿಂಚಣಿಗಾದ್ರೂ ದಾರಿ ಆಗ್ಲಿ."

ದೊಡ್ಡಮ್ಮ ಎಕ್ಸ್‌ರೇ ಹಿಡಿದುಕೊಂಡು ಹೊರಟಳು. ಜೊತೆಗೆ ನಾನು. ಮ್ಯಾನೇಜರನ ಕೋಣೆ ತಣ್ಣಗಿತ್ತು. ಗೋಡೆಯ ಮೇಲೆ ನಮ್ಮದೇ ಲೈನಿನ ಬಿಳಿ ಫ್ರಾಕು ನೇತಾಡುತ್ತಿತ್ತು. ಮೇಡಂ ಸೋಫಾದಲ್ಲಿ ಕೂತಿದ್ದಳು, ನಮ್ಮನ್ನು ಕಂಡು ಎದ್ದು ನಿಂತು ನಕ್ಕಳು. ಒಳ್ಳೆಯ ಮುಖ. ನಮ್ಮ ಭಾಷೆ ಬಾರದು. ಮ್ಯಾನೇಜರ್ ಏನಮ್ಮಾ ಅಂದ. ದೊಡ್ಡಮ್ಮ ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಹಿಡಿದು, ಮೆಲ್ಲಗೆ, ನಡೆದದ್ದನ್ನೆಲ್ಲ ಹೇಳಿದಳು. ಕಡ್ಡಿಯ ಹೆಸರು ಮಾತ್ರ ಹೇಳಲಿಲ್ಲ, ಲೈನಿನಲ್ಲಿ ಯಾರೋ ಅಂದಳು. ಇದು ನಿಮ್ಮ ಕೆಲಸದಲ್ಲಿ ಹೋದ ಬೆರಳು ಅಂತ ಒಪ್ಪಿಕೊಂಡು ಒಂದು ಕಾಗದ ಕೊಡಿ, ಬೇರೇನೂ ಬೇಡ ಅಂದಳು.

ಮ್ಯಾನೇಜರ್ ಎಕ್ಸ್‌ರೇಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ. ಅವನ ಮುಖ ಅರಳಿತು.

"ಹಾಗಾದ್ರೆ ಇದು ಬಟ್ಟೆ ಜೊತೆ ಹೋಗಿಲ್ಲ. ಅಲ್ವಾ? ಖಂಡಿತಾ ತಾನೆ?"

ಅವನು ಮೇಡಂ ಕಡೆ ತಿರುಗಿ ಅವಳ ಭಾಷೆಯಲ್ಲಿ ಒಂದೆರಡು ಮಾತು ಹೇಳಿದ. ಅದೆಷ್ಟು ಚುಟುಕಾಗಿತ್ತೆಂದರೆ ಅದರಲ್ಲಿ ಒಂದು ಬೆರಳು ಹಿಡಿಸಲು ಜಾಗವೇ ಇರಲಿಲ್ಲ. ಮೇಡಂ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು.

"ಮಕ್ಕಳಿಗೆ ಏನೂ ತೊಂದ್ರೆ ಇಲ್ಲ ಅಂತ ಗೊತ್ತಾಗಿ ಮೇಡಂಗೆ ತುಂಬಾ ಸಮಾಧಾನ ಆಯ್ತಂತೆ," ಎಂದ ಮ್ಯಾನೇಜರ್.

"ಕಾಗದ, ಸಾರ್?" ಎಂದಳು ದೊಡ್ಡಮ್ಮ.

ಅವನ ದನಿ ಬದಲಾಯಿತು. ಮೋಸ ಮಾಡಿದೆವು ಎಂದು ನೀನೇ ಬಾಯಿಬಿಟ್ಟಿದ್ದೀಯ, ಮೋಸಕ್ಕೆ ಪಿಂಚಣಿ ಬೇರೆ ಕೇಳುತ್ತೀಯಾ ಎಂದ. ಸುಮ್ಮನೆ ಹೋದರೆ ಒಳ್ಳೆಯದು, ಇಲ್ಲದಿದ್ದರೆ ಇಡೀ ಲೈನಿಗೆ ಬರಬೇಕಾದ ಬಾಕಿ ದುಡ್ಡನ್ನು ತಡೆಹಿಡಿಯಬೇಕಾಗುತ್ತದೆ ಎಂದ. ಇಷ್ಟನ್ನೂ ನಗುನಗುತ್ತಲೇ ಹೇಳಿದ. ಮೇಡಂ ನೋಡುತ್ತಿದ್ದಳಲ್ಲ.

ದೊಡ್ಡಮ್ಮ ಅವನನ್ನು ಬಿಟ್ಟು ಮೇಡಂ ಮುಂದೆ ಹೋಗಿ ನಿಂತಳು. ಅವಳ ಭಾಷೆ ಬಾರದು, ಇನ್ನೇನು ಮಾಡುತ್ತಾಳೆ? ನೋಡು ಎಂದು ಬಲಗೈಯನ್ನು ಚಾಚಿದಳು. ಮೇಡಂ ಅದನ್ನು ಕೈಕುಲುಕಲು ಚಾಚಿದ್ದು ಅಂದುಕೊಂಡಳು. ಎರಡೂ ಕೈಯಲ್ಲಿ ಪ್ರೀತಿಯಿಂದ ಹಿಡಿದು ಕುಲುಕಿದಳು. ನಮ್ಮ ಭಾಷೆಯ ಒಂದೇ ಒಂದು ಮಾತನ್ನು ಕಲಿತುಕೊಂಡು ಬಂದಿದ್ದಳು, ಅದನ್ನು ಹೇಳಿದಳು. ಧನ್ಯವಾದ ಅಂದಳು.

ಅಲ್ಲಿದ್ದ ಹೂದಾನಿಯನ್ನು ಎತ್ತಿ ಯಾರ ತಲೆಗೆ ಹಾಕಲಿ ಎಂದು ನೋಡುತ್ತಿದ್ದೆ. ಆದರೆ ಮೇಡಂ ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೋದಾಗ ಅದು ಬರಲಿಲ್ಲ. ದೊಡ್ಡಮ್ಮ ಬಿಡಲಿಲ್ಲ. ಉಳಿದ ಬೆರಳುಗಳಲ್ಲಿ ಅಮುಕಿ ಹಿಡಿದಿದ್ದಳು. ಜೀವಮಾನವೆಲ್ಲ ಬಟ್ಟೆ ಹಿಡಿದ ಕೈ ಅದು, ಅದರ ಹಿಡಿತ ನನಗೆ ಗೊತ್ತು.

ಮೇಡಂ ನಗು ಕುಂದಿತು. ಅಂಗೈಗೆ ಏನೋ ಮೋಟಾದದ್ದು ತಾಗಿದ್ದು ಅವಳಿಗೆ ಆಗ ಗೊತ್ತಾಗಿರಬೇಕು. ಮೊದಲ ಸಲ ಕಣ್ಣು ತಗ್ಗಿಸಿ ಆ ಕೈಯನ್ನು ನೋಡಿದಳು. ಆಮೇಲೆ ಮ್ಯಾನೇಜರನ ಕಡೆ ತಿರುಗಿ ಏನೋ ಕೇಳಿದಳು.

"ನೋ ಪ್ರಾಬ್ಲಮ್ ಮೇಡಂ," ಎಂದ ಅವನು. "ನೋ ಪ್ರಾಬ್ಲಮ್."

ಆ ಮಾತು ನಮಗೂ ತಿಳಿಯುತ್ತದೆ. ಮೆಷಿನ್ ಕೆಟ್ಟಾಗ, ಕರೆಂಟು ಹೋದಾಗ, ಹೆಂಗಸೊಬ್ಬಳು ತಲೆಸುತ್ತಿ ಬಿದ್ದಾಗ, ಫೋನಿನಲ್ಲಿ ಅವನು ಅದನ್ನೇ ಹೇಳುತ್ತಿದ್ದ. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಪ್ರಾಬ್ಲಮ್ ಇದೆ," ಎಂದಳು ದೊಡ್ಡಮ್ಮ.

ಬಿಡಮ್ಮ, ಕೈ ಬಿಡು ಎಂದು ಮ್ಯಾನೇಜರ್ ಹತ್ತಿರ ಬಂದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೇಡಂ ಮುಖವನ್ನೇ ನೋಡುತ್ತ, ಆ ಭಾಷೆಯಲ್ಲಿ ತನಗೆ ಗೊತ್ತಿದ್ದ ಆ ಒಂದೇ ಒಂದು ಪದವನ್ನು ಮತ್ತೆ ಹೇಳಿದಳು, ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.